ಮೊಲಗಳ ದ್ವೀಪದ ಲಿಪಿಕಾರ್ತಿ

ಬುಡಾಪೆಸ್ಟ್ ನಗರವನ್ನು ಎರಡಾಗಿ ಸೀಳಿ ಹರಿಯುವ ಡ್ಯಾನ್ಯೂಬ್ ನದಿಯ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಒಂದು ದ್ವೀಪವಿದೆ. ಇಂದು ಅದೊಂದು ಉದ್ಯಾನವನ. ಮರಗಳ ನೆರಳಿನಲ್ಲಿ ಅಡ್ಡಾಡುವವರಿಗೆ ಹಳೆಯ ಮಠವೊಂದರ ಪಾಳುಗೋಡೆಗಳು ಕಾಣಸಿಗುತ್ತವೆ. ಮಧ್ಯಯುಗದಲ್ಲಿ ಈ ನೆಲವನ್ನು ಮೊಲಗಳ ದ್ವೀಪವೆಂದು ಕರೆಯುತ್ತಿದ್ದರು. ಇಂದಿನ ಹೆಸರು ಮಾರ್ಗರೆಟ್ ದ್ವೀಪ. ಹೆಸರು ಬದಲಾಗಲು ಕಾರಣಳಾದವಳು 13ನೆಯ ಶತಮಾನದ ಒಬ್ಬ ರಾಜಕುಮಾರಿ. ಆದರೆ ಆ ರಾಜಕುಮಾರಿಯ ಬದುಕು ಹಂಗೇರಿಯನ್ ಭಾಷೆಯಲ್ಲಿ ಇಂದಿಗೂ ಓದಲು ದೊರೆಯುವುದಕ್ಕೆ ಕಾರಣಳಾದವಳು ಬೇರೊಬ್ಬಳು. ಮಾರ್ಗರೆಟ್ ತೀರಿಕೊಂಡು 240 ವರ್ಷಗಳಾದ ಮೇಲೆ ಅದೇ ಮಠದಲ್ಲಿ ಕುಳಿತು ಆಕೆಯ ಚರಿತೆಯನ್ನು ಪ್ರತಿಮಾಡಿದ ಲೇಯಾ ರಾಶ್ಕಾಯಿ ಎಂಬ ಸಂನ್ಯಾಸಿನಿ ಆಕೆ.

ಸಂತರ ಆರಾಧನೆ ಹೇಗೆ ಹಬ್ಬುತ್ತದೆ ಎಂಬ ಪ್ರಶ್ನೆಗೆ ಇತಿಹಾಸಗ್ರಂಥಗಳು ಕೊಡುವ ಉತ್ತರ ಹೆಚ್ಚಾಗಿ ಮೇಲಿನಿಂದ ಆರಂಭವಾಗುತ್ತದೆ. ಅರಸನು ಅರ್ಜಿ ಸಲ್ಲಿಸುತ್ತಾನೆ, ಪೋಪರು ವಿಚಾರಣೆಗೆ ಆಜ್ಞೆ ಮಾಡುತ್ತಾರೆ, ಘೋಷಣೆ ಹೊರಬೀಳುತ್ತದೆ, ಬಳಿಕ ಜನ ಹರಕೆ ಹೊರುತ್ತಾರೆ. ಹಂಗೇರಿಯ ಮಟ್ಟಿಗೆ ಈ ವಿವರಣೆ ಪೂರ್ತಿ ಸುಳ್ಳೇನೂ ಅಲ್ಲ. ಆ ರಾಜ್ಯದ ಮೊದಲ ಕ್ರೈಸ್ತ ದೊರೆ ಸ್ಟೀಫನ್, ಆತನ ಮಗ ಎಮೆರಿಕ್, ಬಿಷಪ್ ಗೆರಾರ್ಡ್ ಇವರನ್ನು 1083ರಲ್ಲಿ ಸಂತರೆಂದು ಸಾರಿಸಿದವನು ದೊರೆ ಲಾಡಿಸ್ಲಾಸ್. ಆ ಲಾಡಿಸ್ಲಾಸನೂ 1192ರಲ್ಲಿ ಸಂತನಾದನು. ಒಂದೇ ಅರಸುಮನೆತನದಿಂದ ಇಷ್ಟು ಮಂದಿ ಸಂತರು ಹುಟ್ಟಿದ್ದು ಯುರೋಪಿನಲ್ಲಿಯೇ ಅಪರೂಪದ ಸಂಗತಿ. ಸಿಂಹಾಸನಕ್ಕೆ ಇದರಿಂದ ಲಾಭವಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಾರ್ಗರೆಟಳ ವಿಷಯದಲ್ಲಿ ಈ ಮೇಲಿನ ದಾರಿ ಮುಚ್ಚಿಹೋಯಿತು. ಅರ್ಜಿ ಹೋಯಿತು, ವಿಚಾರಣೆ ನಡೆಯಿತು, ಸಾಕ್ಷ್ಯ ದಾಖಲಾಯಿತು. ಘೋಷಣೆ ಮಾತ್ರ ಬರಲಿಲ್ಲ. ಬಂದದ್ದು 1943ರಲ್ಲಿ. ಈ ನಡುವಿನ ಆರೂಮುಕ್ಕಾಲು ಶತಮಾನ ಆಕೆಯ ಆರಾಧನೆಯನ್ನು ಜೀವಂತವಾಗಿ ಇಟ್ಟವರು ಯಾರು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಮಾರ್ಗರೆಟ್ ಹುಟ್ಟಿದ್ದು 1242ರಲ್ಲಿ, ಡಾಲ್ಮೇಶಿಯದ ಕ್ಲಿಸ್ ಕೋಟೆಯಲ್ಲಿ. ಮಂಗೋಲರ ದಾಳಿಯಿಂದ ರಾಜ್ಯ ಹಾಳುಬಿದ್ದು ದೊರೆ ನಾಲ್ಕನೆಯ ಬೇಲ ಸಮುದ್ರತೀರಕ್ಕೆ ಓಡಿಬಂದಿದ್ದ ಕಾಲವದು. ರಾಜ್ಯ ಉಳಿದರೆ ಹುಟ್ಟುವ ಮಗುವನ್ನು ದೇವರಿಗೆ ಒಪ್ಪಿಸುವುದಾಗಿ ತಂದೆತಾಯಿಗಳು ಹರಕೆ ಹೊತ್ತರು. ರಾಜ್ಯ ಉಳಿಯಿತು. ಮಗು ಎಳೆಯ ಪ್ರಾಯದಲ್ಲಿಯೇ ವೆಸ್ಪ್ರೇಮ್ ಊರಿನ ದೊಮಿನಿಕನ್ ಸಂನ್ಯಾಸಿನಿಯರ ಮಠಕ್ಕೆ ಸೇರಿತು. ಹತ್ತು ವರ್ಷವಾದಾಗ ದೊರೆ ದ್ವೀಪದಲ್ಲಿ ಕಟ್ಟಿಸಿದ ಹೊಸ ಮಠಕ್ಕೆ ಬಂದಿತು. ಮುಂದೆ ಬೊಹೀಮಿಯದ ದೊರೆ ಒಟ್ಟೊಕಾರ್ ಆಕೆಯ ಕೈಹಿಡಿಯಲು ಬಯಸಿದಾಗ ತಂದೆಯ ಮನಸ್ಸು ಹರಕೆಯನ್ನು ಮರೆಯಲು ಸಿದ್ಧವಾಗಿತ್ತು. ಮಗಳು ಒಪ್ಪಲಿಲ್ಲ. ಒತ್ತಾಯಿಸಿದರೆ ತನ್ನ ಮೂಗು ತುಟಿಗಳನ್ನು ಕೊಯ್ದುಕೊಳ್ಳುವುದಾಗಿ ಹೇಳಿದಳೆಂದು ಚರಿತೆ ನುಡಿಯುತ್ತದೆ. ಹರಕೆಯ ಮಗುವೊಂದು ಹರಕೆ ಹೊತ್ತವರಿಗೇ ಅದನ್ನು ನೆನಪಿಸಿಕೊಟ್ಟ ಈ ಪ್ರಸಂಗ ಆಕೆಯ ಎಲ್ಲ ಪವಾಡಗಳಿಗಿಂತ ಹೆಚ್ಚು ನಂಬಲರ್ಹವಾಗಿದೆ.

ಆಕೆ 1270ರ ಜನವರಿ 18ರಂದು ತೀರಿಕೊಂಡಳು. ವಯಸ್ಸು ಇಪ್ಪತ್ತೆಂಟು ತುಂಬಲು ಇನ್ನೂ ಕೆಲವು ದಿನಗಳಿದ್ದವು. 1276ರಲ್ಲಿ ಪೋಪರ ಪ್ರತಿನಿಧಿಗಳು ದ್ವೀಪಕ್ಕೆ ಬಂದು 110 ಮಂದಿಯ ಸಾಕ್ಷ್ಯ ಬರೆದುಕೊಂಡರು. ಅವರಲ್ಲಿ ಆಕೆಯ ಜೊತೆಗೆ ಬಾಳಿದ ಧರ್ಮಭಗಿನಿಯರೂ ಇದ್ದರು. ಈ ಸಾಕ್ಷ್ಯಗಳಲ್ಲಿ ಸಿಂಹಾಸನದ ಸುದ್ದಿ ಕಡಮೆ, ಅಡುಗೆಮನೆಯ ಸುದ್ದಿ ಹೆಚ್ಚು. ದೊರೆಯ ಮಗಳು ಪಾತ್ರೆ ಬೆಳಗಿದಳು, ಸೌದೆ ಹೊತ್ತಳು, ರೋಗಿಗಳ ಮೈ ತೊಳೆದಳು. ಚಳಿಗಾಲದಲ್ಲಿ ಮೀನು ಹೆರೆದು ತೊಳೆಯುವಾಗ ಆಕೆಯ ಕೈ ಬಿರಿದು ನೆತ್ತರು ಜಿನುಗುತ್ತಿತ್ತು. ತಂದೆ ಕಳಿಸಿದ ಬೆಲೆಬಾಳುವ ಕಾಣಿಕೆಗಳು ಬಡವರ ಪಾಲಾದವು. ಪವಾಡಗಳೂ ಇವೆ. ಡ್ಯಾನ್ಯೂಬ್ ಉಕ್ಕಿದ ಸಂಗತಿಯನ್ನು ಹಿರಿಯ ಸಂನ್ಯಾಸಿಯೊಬ್ಬ ನಂಬದಿದ್ದಾಗ ಆಕೆಯ ಪ್ರಾರ್ಥನೆಯಿಂದ ನದಿ ಮತ್ತೆ ಏರಿ ಮಠದ ಅಂಗಳಕ್ಕೆ ನುಗ್ಗಿತಂತೆ. ಆದರೆ ಕೇಳುವವರ ಮನಸ್ಸಿನಲ್ಲಿ ನಿಲ್ಲುವುದು ಆ ಬಿರಿದ ಕೈ.

ಈ ಸಾಕ್ಷ್ಯಗಳನ್ನೂ ಮೊದಲು ಬರೆದ ಲ್ಯಾಟಿನ್ ಚರಿತೆಗಳನ್ನೂ ಆಧರಿಸಿ 15ನೆಯ ಶತಮಾನದಲ್ಲಿ ಹಂಗೇರಿಯನ್ ಭಾಷೆಯಲ್ಲಿ ಒಂದು ಚರಿತೆ ಸಿದ್ಧವಾಯಿತು. ಇಂದು ಅದರ ಒಂದೇ ಒಂದು ಪ್ರತಿ ಉಳಿದಿದೆ. 1510ರಲ್ಲಿ ರಾಶ್ಕಾಯಿ ಬರೆದದ್ದು. ಆಕೆ ಅಷ್ಟಕ್ಕೆ ನಿಲ್ಲಲಿಲ್ಲ. ಅದೇ ವರ್ಷ ಮತ್ತೊಂದು ಕೈಯ ಜೊತೆಗೂಡಿ ದೃಷ್ಟಾಂತಗಳ ಗ್ರಂಥವೊಂದನ್ನು ಬರೆದಳು. 1517ರಲ್ಲಿ ಸಂಘದ ಸ್ಥಾಪಕ ದೊಮಿನಿಕನ ಚರಿತೆ, 1514ರಿಂದ 1519ರ ತನಕ ಉಪದೇಶಗಳು ಮತ್ತು ಕನ್ಯಾಹುತಾತ್ಮರ ಕಥೆಗಳು, 1522ರಲ್ಲಿ ಇನ್ನೊಂದು ಸಂಪುಟ. ಹನ್ನೆರಡು ವರ್ಷಗಳಲ್ಲಿ ಒಬ್ಬ ಹೆಂಗಸಿನ ಕೈಯಿಂದ ಐದು ಗ್ರಂಥಗಳು. ಹಂಗೇರಿಯನ್ ಭಾಷೆಯಲ್ಲಿ ಪೂರ್ಣವಾಗಿ ಅಚ್ಚಾದ ಮೊದಲ ಪುಸ್ತಕ ಕ್ರಾಕೋ ಪಟ್ಟಣದಲ್ಲಿ ಹೊರಬಂದದ್ದು 1533ರಲ್ಲಿ ಎಂಬುದನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ.

ಇಲ್ಲಿ ಎರಡು ಅತಿರೇಕಗಳಿಂದ ದೂರವಿರಬೇಕು. ಹಂಗೇರಿಯನ್ ಸಾಹಿತ್ಯದ ಅಭಿಮಾನಿಗಳಲ್ಲಿ ಕೆಲವರು ರಾಶ್ಕಾಯಿಯನ್ನು ಆ ಭಾಷೆಯ ಮೊದಲ ಲೇಖಕಿಯೆಂದು ಹೊಗಳುವುದುಂಟು. ಆಕೆಯನ್ನು ಹಾಗೆ ಕರೆಯಲು ಆಧಾರ ಸಾಲದು. ಅನುವಾದ ಮಾಡಿಕೊಟ್ಟವರು ಬಹುಮಟ್ಟಿಗೆ ಸಂಘದ ಪುರುಷ ಸಂನ್ಯಾಸಿಗಳು. ಇನ್ನೊಂದು ತುದಿಯಲ್ಲಿ ಆಕೆ ಬರಿಯ ನಕಲುಗಾರ್ತಿ ಎಂದು ಕೈಕೊಡವಿಬಿಡುವ ಪಂಡಿತರು. ಈ ಎರಡನೆಯ ಮಾತೇ ಹೆಚ್ಚು ಅನ್ಯಾಯದ್ದು. ಗ್ರಂಥಸಂಪಾದನಶಾಸ್ತ್ರ ಓದುವ ವಿದ್ಯಾರ್ಥಿಗೆ ಲಿಪಿಕಾರನು ಪರಿಚಯವಾಗುವುದೇ ಸ್ಖಾಲಿತ್ಯಗಳ ಮೂಲಕ. ಬಿಟ್ಟ ಅಕ್ಷರ, ಎರಡು ಸಲ ಬರೆದ ಪಂಕ್ತಿ, ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದಿದ ಉದ್ಧಟತನ: ಇವುಗಳಿಂದಲೇ ಆತನ ಚಿತ್ರ ರೂಪುಗೊಳ್ಳುತ್ತದೆ. ಪರೀಕ್ಷೆಯಲ್ಲಿಯೂ ಕೇಳುವುದು ಅದನ್ನೇ. ಆದರೆ ಯಾವ ಗ್ರಂಥವನ್ನು ಪ್ರತಿಮಾಡಬೇಕು, ಯಾವುದನ್ನು ಹುಳು ತಿನ್ನಲು ಬಿಡಬೇಕು ಎಂಬ ನಿರ್ಣಯವೂ ಪ್ರತಿಮಾಡುವ ಮನೆಯದೇ ಅಲ್ಲವೇ? ಒಂದು ಪ್ರತಿಯಷ್ಟೇ ಉಳಿದಿರುವ ಕೃತಿಯ ವಿಷಯದಲ್ಲಿ ಕರ್ತೃವಿಗೂ ಲಿಪಿಕಾರ್ತಿಗೂ ನಡುವಿನ ಅಂತರ ಪಠ್ಯಪುಸ್ತಕ ಹೇಳುವಷ್ಟು ದೊಡ್ಡದಲ್ಲ.

ಇವರು ಹಂಗೇರಿಯನ್ನಿನಲ್ಲಿ ಏಕೆ ಬರೆದರು? ಭಾಷಾಭಿಮಾನವೆಂಬ ಉತ್ತರ 19ನೆಯ ಶತಮಾನದವರಿಗೆ ಹೊಳೆದದ್ದು. 16ನೆಯ ಶತಮಾನದ ಸಂನ್ಯಾಸಿನಿಯರಿಗಲ್ಲ. ಕಾರಣ ಊಟದ ಮನೆಯಲ್ಲಿದೆ. ದೊಮಿನಿಕನ್ ನಿಯಮದ ಪ್ರಕಾರ ಊಟದ ಹೊತ್ತಿನಲ್ಲಿ ಮಾತಿಲ್ಲ; ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಉಣ್ಣುತ್ತ ಕೇಳಬೇಕು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಮಠಗಳ ಶಿಸ್ತನ್ನು ಮತ್ತೆ ಬಿಗಿಗೊಳಿಸುವ ಸುಧಾರಣೆ ಹಂಗೇರಿಗೂ ಬಂದಾಗ ಈ ಓದು ಗಂಭೀರವಾಯಿತು. ಲ್ಯಾಟಿನ್ ಮಂತ್ರಗಳನ್ನು ಹಾಡಬಲ್ಲ ಎಲ್ಲ ಸಂನ್ಯಾಸಿನಿಯರಿಗೂ ಲ್ಯಾಟಿನ್ ಗದ್ಯ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಓದನ್ನು ಕೇಳಿ ಫಲವೇನು? ಹೀಗೆ ಭಾಷೆಯನ್ನು ಆರಿಸಿದವರು ಬರೆಯುವವರಲ್ಲ, ಕೇಳುವವರು. ಹಂಗೇರಿಯನ್ ಭಾಷೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ಪೂರ್ಣ ಗ್ರಂಥವೂ ಸುಮಾರು 1440ರ ವೇಳೆಗೆ ಪ್ರತಿಯಾದ ಸಂತ ಫ್ರಾನ್ಸಿಸನ ಚರಿತೆಯೇ. ಒಂದು ಭಾಷೆಯ ಗದ್ಯ ರಾಜಸಭೆಯಲ್ಲಿ ಹುಟ್ಟದೆ ಉಣ್ಣುವ ಹಲಗೆಯ ಸುತ್ತ ಬೆಳೆಯಿತೆಂಬುದು ಸಾಹಿತ್ಯಚರಿತ್ರೆಯ ಘನತೆಗೆ ಕುಂದೇನೂ ಅಲ್ಲ.

ನದಿಯ ಆಚೆ ದಡದಲ್ಲಿ, ಬುಡಾ ಬೆಟ್ಟದ ಅರಮನೆಯಲ್ಲಿ, ಇದೇ ಕಾಲಕ್ಕೆ ಇನ್ನೊಂದು ಪುಸ್ತಕಲೋಕವಿತ್ತು. 1458ರಿಂದ 1490ರ ತನಕ ಆಳಿದ ಮತ್ತಿಯಾಸ್ ಕೊರ್ವಿನಸ್ ಇಟಲಿಯ ವಿದ್ವಾಂಸರನ್ನು ಕರೆಸಿ, ಫ್ಲಾರೆನ್ಸಿನ ಚಿತ್ರಕಾರರಿಂದ ಚಿನ್ನದ ಅಲಂಕಾರ ಮಾಡಿಸಿ ಕಟ್ಟಿದ ಗ್ರಂಥಾಲಯ ಯುರೋಪಿನಲ್ಲಿ ಹೆಸರುವಾಸಿಯಾಗಿತ್ತು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಂಪುಟಗಳಿದ್ದವೆಂದು ಅಂದಾಜು. 1526ರಲ್ಲಿ ಮೊಹಾಚ್ ರಣರಂಗದಲ್ಲಿ ಹಂಗೇರಿ ಸೋತ ಬಳಿಕ ಅದು ಚೆದುರಿಹೋಯಿತು. ಇಂದು ಜಗತ್ತಿನ ಬೇರೆ ಬೇರೆ ಗ್ರಂಥಾಲಯಗಳಲ್ಲಿ ಉಳಿದಿರುವುದು ಇನ್ನೂರಕ್ಕೆ ತುಸು ಮೇಲೆ. ಇದೇ ಮತ್ತಿಯಾಸ್ 1460ರ ದಶಕದಲ್ಲಿ ಮಾರ್ಗರೆಟಳ ಸಂತಪದವಿಗಾಗಿ ರೋಮಿನ ಬಾಗಿಲನ್ನು ಮತ್ತೆ ತಟ್ಟಿದ್ದನು. ಹುನ್ಯಾಡಿ ಮನೆತನದ ಈ ದೊರೆಗೆ ಹಳೆಯ ಅರಸುಕುಲದ ರಕ್ತಸಂಬಂಧವಿರಲಿಲ್ಲ; ಹಳೆಯ ಕುಲದ ಸಂತರನ್ನು ಗೌರವಿಸುವುದು ಸಿಂಹಾಸನಕ್ಕೆ ಹಕ್ಕು ಸ್ಥಾಪಿಸುವ ಒಂದು ಬಗೆಯಾಗಿತ್ತು. ಆತನ ಆಸ್ಥಾನಕ್ಕೆ 1488ರಲ್ಲಿ ನೇಪಲ್ಸಿನ ರಾಯಭಾರಿಯಾಗಿ ಬಂದ ದೊಮಿನಿಕನ್ ಬಿಷಪ್ ಪಿಯೆತ್ರೊ ರಾನ್ಸಾನೊ ತನ್ನ ಹಂಗೇರಿ ಚರಿತ್ರೆಯಲ್ಲಿ ಮಾರ್ಗರೆಟಳ ಬದುಕನ್ನು ಸೊಗಸಾದ ಲ್ಯಾಟಿನ್ನಿನಲ್ಲಿ ಬರೆದನು. ಅರಮನೆಗೆ ಬೇಕಾಗಿದ್ದುದು ಆ ಮಾರ್ಗರೆಟ್. ಮಠಕ್ಕೆ ಬೇಕಾಗಿದ್ದುದು ಪಾತ್ರೆ ತೊಳೆದವಳು.

ಪುನರುಜ್ಜೀವನ ಎಂದಾಗ ಅರಮನೆಯ ಚಿತ್ತಾರದ ಗ್ರಂಥಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ದ್ವೀಪದ ಗ್ರಂಥಗಳನ್ನು ಮಧ್ಯಯುಗದ ಬಾಲವೆಂದು ಬದಿಗೆ ಸರಿಸುವ ಕ್ರಮವೊಂದಿದೆ. ಅದನ್ನು ಒಪ್ಪುವುದು ಕಷ್ಟ. ಇವೆರಡೂ ಒಂದೇ ನದಿಯ ನೀರು ಕುಡಿದ ಸಮಕಾಲೀನರು. ಮುದ್ರಣಯಂತ್ರವೆಂಬ ಆ ಯುಗದ ಮಹಾಸಾಧನವೂ ಮಠಗಳಿಗೆ ಅಪರಿಚಿತವಾಗಿರಲಿಲ್ಲ. ಬುಡಾದಲ್ಲಿ ಪಾಠ ಹೇಳುತ್ತಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿ ತೆಮೆಶ್‌ವಾರಿನ ಪೆಲ್ಬಾರ್ತ್ ಸಂತರ ಮೇಲೆ ಮಾಡಿದ ಲ್ಯಾಟಿನ್ ಉಪದೇಶಗಳು 1499ರಲ್ಲಿ ಅಲ್ಸಾಸ್ ಪ್ರಾಂತದ ಹಾಗೆನೌ ಎಂಬ ಊರಿನಲ್ಲಿ ಅಚ್ಚಾದವು. ಸ್ಟೀಫನ್, ಎಮೆರಿಕ್, ಲಾಡಿಸ್ಲಾಸ್, ಎಲಿಜಬೆತ್ ಇವರ ಕುರಿತ ಉಪದೇಶಗಳು ಆ ಸಂಪುಟದಲ್ಲಿ ಸೇರಿ, ಹಂಗೇರಿಯನ್ನು ಕಾಣದ ಬೋಧಕರ ಕೈಗೂ ತಲುಪಿದವು. ಯುರೋಪಿನಲ್ಲೆಲ್ಲ ಓದುತ್ತಿದ್ದ ಸಂತಚರಿತೆಗಳ ಪ್ರಸಿದ್ಧ ಸಂಕಲನದಲ್ಲಿ ಹಂಗೇರಿಯ ಸಂತರಿಗೆ ಸಿಕ್ಕ ಜಾಗ ಸಾಲದೆಂದು, ಬಿಟ್ಟುಹೋದವರ ಚರಿತೆಗಳನ್ನೇ ಒಟ್ಟುಗೂಡಿಸಿದ ಲ್ಯಾಟಿನ್ ಪುಸ್ತಕವೊಂದು 1480ರ ದಶಕದಲ್ಲಿ ಸ್ಟ್ರಾಸ್‌ಬರ್ಗಿನಲ್ಲಿಯೂ, 1498ರಲ್ಲಿ ವೆನಿಸಿನಲ್ಲಿಯೂ ಹೊರಬಂದಿತು. ತಮ್ಮವರ ಹೆಸರಿಲ್ಲದ ಕೋಶಕ್ಕೆ ಅನುಬಂಧ ಬರೆಯುವ ಈ ಅಭ್ಯಾಸ ಎಲ್ಲ ಅಂಚಿನ ನಾಡುಗಳಿಗೂ ಪರಿಚಿತವಾದುದೇ.

ಪೆಲ್ಬಾರ್ತನ ಲ್ಯಾಟಿನ್ ಹೀಗೆ ಹೊರನಾಡಿಗೆ ಹೋಗಿ ಅಚ್ಚಾಗಿ ಮರಳಿ ಬಂದಿತು. ಬಂದದ್ದು ಮತ್ತೆ ಹಂಗೇರಿಯನ್ ಹಸ್ತಪ್ರತಿಯಾಯಿತು. ಲೋವೋಲ್ಡ್ ಎಂಬಲ್ಲಿ ಕಾರ್ಥೂಸಿಯನ್ ಸಂಘದ ಮಠವೊಂದಿತ್ತು. ಈ ಸಂಘದವರು ಒಬ್ಬೊಬ್ಬರೇ ತಮ್ಮ ಕೋಣೆಯಲ್ಲಿ ಮೌನವಾಗಿ ಬಾಳುವವರು. ಅವರಲ್ಲೊಬ್ಬ, ತನ್ನ ಹೆಸರನ್ನೂ ಹೇಳಿಕೊಳ್ಳದೆ, ಪೆಲ್ಬಾರ್ತನ ಉಪದೇಶಗಳನ್ನು ಮುಖ್ಯ ಆಕರವಾಗಿರಿಸಿಕೊಂಡು ಸಂತಚರಿತೆಗಳ ಬೃಹತ್ ಸಂಗ್ರಹವನ್ನು ಹಂಗೇರಿಯನ್ನಿನಲ್ಲಿ ರಚಿಸಿದನು. ಲ್ಯಾಟಿನ್ ಅರಿಯದ ಸಂನ್ಯಾಸಿನಿಯರಿಗೂ ಮಠದ ಶ್ರಮಸಹೋದರರಿಗೂ ತನ್ನ ಗ್ರಂಥವೆಂದು ಪೀಠಿಕೆಯಲ್ಲಿ ತಿಳಿಸಿದ್ದಾನೆ. ಲೂಥರನ ಬೋಧನೆ ಹಬ್ಬುತ್ತಿರುವ ಆತಂಕವನ್ನೂ ಅಲ್ಲಿಯೇ ತೋಡಿಕೊಂಡಿದ್ದಾನೆ. ಮೊಹಾಚ್ ಸೋಲಿನ ಮರುವರ್ಷ, 1527ರಲ್ಲಿ, ಆ ಸಂಪುಟ ಮುಗಿಯಿತು. ಜೀವನವಿಡೀ ಮಾತನ್ನು ಬಿಟ್ಟವನು ಮಾತು ಬೇಕಾದವರಿಗಾಗಿ ಆ ಕಾಲದ ಅತಿ ದೊಡ್ಡ ಹಂಗೇರಿಯನ್ ಹಸ್ತಪ್ರತಿಯನ್ನು ಬರೆದಿಟ್ಟನು.

ಸಂತರ ಕಥೆ ಮತ್ತೊಬ್ಬ ಸಂತನನ್ನು ಹೆರುತ್ತದೆ ಎಂಬುದಕ್ಕೆ ಮಾರ್ಗರೆಟಳ ಚರಿತೆಯೇ ನಿದರ್ಶನ. ತನ್ನ ಕುಲದ ಪೂರ್ವಜರಾದ ಸ್ಟೀಫನ್, ಎಮೆರಿಕ್, ಲಾಡಿಸ್ಲಾಸರನ್ನೂ, ತಂದೆಯ ತಂಗಿಯಾದ ಎಲಿಜಬೆತಳನ್ನೂ ಆಕೆ ನೆನೆದು ಧ್ಯಾನಿಸುತ್ತಿದ್ದಳೆಂದು ರಾಶ್ಕಾಯಿಯ ಪ್ರತಿ ಹೇಳುತ್ತದೆ. ಎಲಿಜಬೆತ್ 1231ರಲ್ಲಿ ಜರ್ಮನಿಯ ಮಾರ್‌ಬುರ್ಗಿನಲ್ಲಿ, ತಾನು ಕಟ್ಟಿಸಿದ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತ ತೀರಿಕೊಂಡವಳು. ನಾಲ್ಕೇ ವರ್ಷಕ್ಕೆ ಸಂತಳೆಂದು ಘೋಷಿತಳಾದವಳು. ಸೋದರತ್ತೆಗೆ ನಾಲ್ಕು ವರ್ಷ, ಸೊಸೆಗೆ 673 ವರ್ಷ. ಇಬ್ಬರ ತಪಸ್ಸಿನಲ್ಲಿ ಅಂತಹ ತಾರತಮ್ಯವೇನೂ ಇಲ್ಲ. ಒಬ್ಬಳಿಗೆ ಜರ್ಮನಿಯ ಬಲಿಷ್ಠ ಬೆಂಬಲಿಗರಿದ್ದರು. ಇನ್ನೊಬ್ಬಳ ಅಣ್ಣನಾದ ಐದನೆಯ ಸ್ಟೀಫನ್ ಅರ್ಜಿ ಹಾಕಿಸಿ 1272ರಲ್ಲಿಯೇ ಸತ್ತನು. ಆತನಿಗೂ ತಂದೆಗೂ ಯುದ್ಧವೇ ನಡೆದು, 1266ರಲ್ಲಿ ಇದೇ ದ್ವೀಪದ ಮಠದಲ್ಲಿ ಸಂಧಿಯಾಗಿತ್ತು. ರೋಮಿನ ಮುದ್ರೆ ಪುಣ್ಯವನ್ನು ಅಳೆಯುವಷ್ಟೇ ಅದರ ಹಿಂದಿರುವವರ ಕೈಬಲವನ್ನೂ ಅಳೆಯುತ್ತದೆ.

ಇನ್ನು ಆರಾಧನೆ ದೂರ ಹಬ್ಬಿದಾಗ ಏನಾಯಿತು ಎಂಬುದನ್ನು ಇಟಲಿಯಲ್ಲಿ ನೋಡಬೇಕು. ಅಲ್ಲಿನ ದೊಮಿನಿಕನ್ ಮಠಗಳಲ್ಲಿ ಮಾರ್ಗರೆಟಳಿಗೆ ಭಕ್ತಿಯ ಸ್ಥಾನ ದೊರೆಯಿತು, ಚಿತ್ರಗಳೂ ಮೂಡಿದವು. ಆ ಚಿತ್ರಗಳಲ್ಲಿ ಆಕೆಯ ಕೈಗಳ ಮೇಲೆ ಗಾಯವಿದೆ, ಆದರೆ ಅದು ಮೀನು ತೊಳೆದು ಬಿರಿದ ಗಾಯವಲ್ಲ. ಕ್ರಿಸ್ತನ ಪಂಚಗಾಯಗಳ ಗುರುತು. ಹಂಗೇರಿಯ ಸಾಕ್ಷ್ಯಗಳಲ್ಲಿ ಇದರ ಸುಳಿವೇ ಇಲ್ಲ. ಅಂತಹ ಗುರುತು ಪಡೆದವಳೆಂದು ಹಂಗೇರಿಯಲ್ಲಿ ಹೆಸರಾದವಳು ವೆಸ್ಪ್ರೇಮ್ ಮಠದ ಹೆಲೆನ್ ಎಂಬ ಬೇರೊಬ್ಬ ಧರ್ಮಭಗಿನಿ. 15ನೆಯ ಶತಮಾನದ ಆರಂಭದಲ್ಲಿ ಸಿಯೆನ್ನಾದ ತೊಮ್ಮಾಸೊ ಕಾಫ್ಫರೀನಿ ತನ್ನ ಗುರು ಕ್ಯಾಥರೀನಳ ಪಂಚಗಾಯಗಳಿಗೆ ಪೂರ್ವನಿದರ್ಶನ ಹುಡುಕುತ್ತ ಹಂಗೇರಿಯನ್ನು ವಿಚಾರಿಸಿದಾಗ ಈ ಹೆಸರುಗಳ ಗೊಂದಲ ಬಯಲಾಯಿತು. ಬಯಲಾದರೂ ಚಿತ್ರಗಳು ಬದಲಾಗಲಿಲ್ಲ. ದೂರದ ಭಕ್ತರಿಗೆ ಹೆಚ್ಚು ಬೆಲೆ ಕಂಡದ್ದು ಆ ಪವಿತ್ರ ಗಾಯದಲ್ಲಿಯೇ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಫ್ರಾನ್ಸಿನ ಮಾರ್ಗರೀತ್ ಪೊರೇತ್ ಎಂಬ ಸಾಧಕಿ ಆತ್ಮದ ವಿಲಯನವನ್ನು ಕುರಿತು ಬರೆದ ಗ್ರಂಥವನ್ನು ಧರ್ಮವಿರೋಧಿಯೆಂದು ಖಂಡಿಸಿ ಆಕೆಯನ್ನು 1310ರಲ್ಲಿ ಪ್ಯಾರಿಸಿನಲ್ಲಿ ಸುಟ್ಟರು. ಆ ಗ್ರಂಥ ಮಾತ್ರ ಕರ್ತೃವಿನ ಹೆಸರಿಲ್ಲದೆ ಭಾಷೆಯಿಂದ ಭಾಷೆಗೆ ದಾಟಿತು. ಇಟಲಿಯ ಅನುವಾದಕ್ಕೆ ಸೇರಿಸಿದ ಪೀಠಿಕೆಯಲ್ಲಿ ಅದನ್ನು ಹಂಗೇರಿಯ ದೊರೆಯ ಮಗಳು ಮಾರ್ಗರೆಟ್ ಬರೆದಳೆಂದು ಹೇಳಲಾಯಿತು! ಸುಟ್ಟವಳ ಮಾತು ಪುಣ್ಯವತಿಯ ಹೆಸರಿನ ಮರೆಯಲ್ಲಿ ಉಳಿಯಿತು. ನಿಜವಾದ ಕರ್ತೃವನ್ನು ಇಟಲಿಯ ವಿದುಷಿ ರೊಮಾನಾ ಗ್ವಾರ್ನಿಯೇರಿ ಗುರುತಿಸಿ ಪ್ರಕಟಿಸಿದ್ದು 1946ರಲ್ಲಿ. ಗ್ರಂಥದ ಪಾಲಿಗೆ ಈ ತಪ್ಪು ಹೆಸರು ವರವಾಯಿತು. ಮಾರ್ಗರೆಟಳ ಪಾಲಿಗೆ ಏನಾಯಿತೆಂದು ಹೇಳುವುದು ಸುಲಭವಲ್ಲ. ಪುಸ್ತಕ ಬರೆಯದವಳಿಗೆ ಪುಸ್ತಕ, ಗಾಯವಿಲ್ಲದವಳಿಗೆ ಗಾಯ. ಆರಾಧನೆ ಹಬ್ಬುವುದೆಂದರೆ ವ್ಯಕ್ತಿಯೊಬ್ಬಳು ಹಬ್ಬುವುದು ಎಂದು ತಿಳಿಯುವುದು ತಪ್ಪು. ಬಹಳ ಸಲ ಹಬ್ಬುವುದು ಹೆಸರು ಮಾತ್ರ, ಹೋದ ಊರಿನ ಅಗತ್ಯ ಅದರಲ್ಲಿ ತುಂಬಿಕೊಳ್ಳುತ್ತದೆ. ತವರಿನ ಮಠ ತನ್ನ ನುಡಿಯಲ್ಲಿ ಸಾಕ್ಷಿಗಳ ಮಾತನ್ನು ಪ್ರತಿಮಾಡಿ ಇಟ್ಟುಕೊಂಡಿರದಿದ್ದರೆ ಇಂದು ಜನರು ನಂಬುವ ಮಾರ್ಗರೆಟ್ ಬಹುಶಃ ಇಟಲಿಯ ಭಿತ್ತಿಚಿತ್ರದವಳೇ ಆಗಿರುತ್ತಿದ್ದಳು.

ಲ್ಯಾಟಿನ್ ಸಾಕ್ಷ್ಯಪತ್ರಗಳು ಹೇಗೂ ಉಳಿದಿವೆಯಲ್ಲ, ಅವೇ ಸಾಲವೇ ಎಂಬ ಆಕ್ಷೇಪಕ್ಕೆ ಅರ್ಥವಿದೆ. ವಿದ್ವಾಂಸನಿಗೆ ಅವು ಸಾಕು. ಆದರೆ ಸಾಕ್ಷ್ಯಪತ್ರವನ್ನು ಊಟದ ಹೊತ್ತಿಗೆ ಯಾರೂ ಓದುವುದಿಲ್ಲ. ಆರಾಧನೆಗೆ ಬೇಕಾದುದು ಪ್ರತಿವರ್ಷವೂ ಮರಳಿ ಕೇಳಬಹುದಾದ ಕಥನ. ಕೇಳುವವರು ಅದೇ ಅಂಗಳದಲ್ಲಿ ನಡೆದಾಡುವವರು, ಅದೇ ನದಿಯ ಪ್ರವಾಹಕ್ಕೆ ಅಂಜುವವರು. ಗೋರಿ ಕಣ್ಣೆದುರಿಗಿದೆ, ಅಡುಗೆಮನೆ ಗೋಡೆಯ ಆಚೆಗಿದೆ. ರಾಶ್ಕಾಯಿಯ ಪ್ರತಿಯಲ್ಲಿ ಸಾಕ್ಷಿ ನುಡಿದ ಧರ್ಮಭಗಿನಿಯರ ಹೆಸರುಗಳೂ ಅವರ ಕುಲದ ವಿವರಗಳೂ ಉಳಿದುಕೊಂಡಿರುವುದನ್ನು ಕೆಲವು ಓದುಗರು ಬೇಸರದ ಪಟ್ಟಿಯೆಂದು ಭಾವಿಸಬಹುದು. ಸಂತಳ ಜೊತೆಗೆ ಆಕೆಯನ್ನು ಕಂಡವರನ್ನೂ ನೆನೆಯುವ ಮಠದ ಕ್ರಮ ಅದು. ಅರಮನೆಯ ಲ್ಯಾಟಿನ್ನಿನಲ್ಲಿ ಆ ಹೆಂಗಸರಿಗೆ ಎಡೆಯಿರಲಿಲ್ಲ.

ಮೊಹಾಚ್ ಯುದ್ಧದ ನಂತರ ದ್ವೀಪದ ಶಾಂತಿ ಕೆಟ್ಟಿತು. 1541ರಲ್ಲಿ ಬುಡಾ ತುರ್ಕರ ವಶವಾಯಿತು. ಅದಕ್ಕೆ ಮೊದಲೇ ಸಂನ್ಯಾಸಿನಿಯರು ಮಾರ್ಗರೆಟಳ ಅಸ್ಥಿಯನ್ನೂ ಗ್ರಂಥಗಳನ್ನೂ ಹೊತ್ತು ಪೂರ್ವದ ನಾಗ್ಯ್‌ವಾರಾದ್ ಪಟ್ಟಣಕ್ಕೆ ಹೊರಟಿದ್ದರು. ಅಲ್ಲಿಂದ ನಾಗ್ಯ್‌ಸೊಂಬಾತಿಗೆ, ಕೊನೆಗೆ 17ನೆಯ ಶತಮಾನದ ಆರಂಭದಲ್ಲಿ, ಉಳಿದ ಕೆಲವೇ ಮಂದಿ ಪೊಜೊನ್ ಊರಿನ ಕ್ಲಾರಾ ಸಂಘದ ಮಠದ ಆಸರೆ ಸೇರಿದರು. ಓಡುವಾಗ ಜನ ಏನನ್ನು ಹೊರುತ್ತಾರೆ ಎಂಬುದರಿಂದ ಅವರಿಗೆ ಯಾವುದು ಬೆಲೆಯುಳ್ಳದ್ದೆಂದು ತಿಳಿಯಬಹುದು. ಈ ಕಷ್ಟದ ನಡುವೆಯೂ ಬರವಣಿಗೆ ನಿಲ್ಲಲಿಲ್ಲ. ಮಾರ್ತಾ ಶೋವೆನ್‌ಹಾಜಿ ಎಂಬ ಇನ್ನೊಬ್ಬ ದೊಮಿನಿಕನ್ ಸಂನ್ಯಾಸಿನಿ 1529ರಿಂದ 1531ರ ತನಕ ಬರೆದ ಸಂಪುಟದಲ್ಲಿ ಅಲೆಕ್ಸಾಂಡ್ರಿಯದ ಕ್ಯಾಥರೀನಳ ಚರಿತೆ ನಾಲ್ಕು ಸಾವಿರಕ್ಕೂ ಹೆಚ್ಚು ಪಂಕ್ತಿಗಳ ಪದ್ಯವಾಗಿ ಉಳಿದಿದೆ.

ರಾಶ್ಕಾಯಿಯ ಪ್ರತಿಯನ್ನು ಜೆಸ್ವಿಟ್ ಇತಿಹಾಸಕಾರ ಜಾರ್ಜ್ ಪ್ರಾಯ್ 1770ರಲ್ಲಿ ಅಚ್ಚು ಹಾಕಿಸಿದನು. ಹನ್ನೆರಡು ವರ್ಷಗಳ ಬಳಿಕ ಚಕ್ರವರ್ತಿ ಎರಡನೆಯ ಜೋಸೆಫ್ ಕ್ಲಾರಾ ಸಂಘದ ಮಠಗಳನ್ನು ಮುಚ್ಚಿಸಿದಾಗ ಪೊಜೊನಿನ ಸಂನ್ಯಾಸಿನಿಯರು ಚೆದುರಿದರು. ಮಾರ್ಗರೆಟಳ ಅಸ್ಥಿಯೂ ಕ್ರಮೇಣ ಕೈತಪ್ಪಿಹೋಯಿತು. ಹಸ್ತಪ್ರತಿ ಉಳಿದು ಬುಡಾಪೆಸ್ಟಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿತು. 1943ರ ನವೆಂಬರಿನಲ್ಲಿ, ಮಹಾಯುದ್ಧದ ನಡುವೆ, ಪೋಪ್ ಹನ್ನೆರಡನೆಯ ಪಯಸ್ ಅವರು ಹಂಗೇರಿಯ ಮಾರ್ಗರೆಟ್ ಸಂತಳೆಂದು ಘೋಷಿಸಿದಾಗ ಆ ಪ್ರತಿಗೆ 433 ವರ್ಷಗಳಾಗಿದ್ದವು.